ತಂತ್ರಾಂಶದ ಗವಾಕ್ಷಿಗಳು: ಎಪಿಐ ನಿರ್ವಹಣಾ ವ್ಯವಸ್ಥೆಯ ಆಯ್ಕೆ

ಮುಂಬಯಿಯ ಉಪನಗರವಾದ ಸಾಂತಾಕ್ರೂಜ್‌ನ ಪೂರ್ವ ಭಾಗ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಕಲಿನಾದ ವಿದ್ಯಾನಗರಿ ಇಲ್ಲಿದೆ. ಬಿಲ್ಲವ ಭವನ ಇಲ್ಲಿದೆ. ಕರಾವಳಿಯಿಂದ ಬಂದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಉಡುಪಿ ಹೋಟೆಲುಗಳೂ ಇವೆ. ಒಂದು ಕಾಲದಲ್ಲಿ ಈ ಹೋಟೆಲುಗಳಲ್ಲಿ ದುಡಿಯುತ್ತಿದ್ದವರು ಸಂಬಳ ಕೈಗೆ ಬಂದೊಡನೆ ಅಂಚೆ ಕಚೇರಿಯಲ್ಲಿ ಸಾಲಾಗಿ ನಿಂತು ಊರಿಗೆ ಮನಿಆರ್ಡರ್ ಮಾಡುತ್ತಿದ್ದರು. ಹಣ ಮನೆ ಮುಟ್ಟಿತೆಂಬ ರಸೀದಿ ಮರಳಿ ಬರುವಾಗ ದಿನಗಳೇ ಕಳೆದಿರುತ್ತಿದ್ದವು. ಇಂದು ಅದೇ ಹಣ ಮೊಬೈಲ್ ಫೋನಿನಿಂದ ಕೆಲವೇ ಸೆಕೆಂಡುಗಳಲ್ಲಿ ಊರಿನ ಖಾತೆಗೆ ಜಮೆಯಾಗುತ್ತದೆ. ಹೋಟೆಲಿನ ಗಲ್ಲಾದ ಬಳಿ ಅಂಟಿಸಿರುವ ಕ್ಯೂಆರ್ ಸಂಕೇತಕ್ಕೆ ಫೋನು ಹಿಡಿದು ಕಾಫಿಯ ಹಣ ತೆರುವ ಗ್ರಾಹಕನಿಗೂ ಇದೇ ಸೌಲಭ್ಯ ದೊರೆಯುತ್ತದೆ.

ಯುಪಿಐ ಎಂದು ಪ್ರಸಿದ್ಧವಾಗಿರುವ ಈ ಪಾವತಿ ವ್ಯವಸ್ಥೆಯನ್ನು ನಡೆಸುತ್ತಿರುವುದು 2008ರಲ್ಲಿ ಸ್ಥಾಪನೆಗೊಂಡ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಅದರ ಪ್ರಧಾನ ಕಚೇರಿಯು ಕಲಿನಾಕ್ಕೆ ತಾಗಿಕೊಂಡಂತಿರುವ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿದೆ. 2016ರ ಏಪ್ರಿಲ್ 11ರಂದು ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ರಘುರಾಮ್ ರಾಜನ್ ಅವರು 21 ಬ್ಯಾಂಕುಗಳೊಡನೆ ಉದ್ಘಾಟಿಸಿದ ಈ ವ್ಯವಸ್ಥೆ, 2025ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಒಂದೇ ತಿಂಗಳಲ್ಲಿ 2,000 ಕೋಟಿ ವ್ಯವಹಾರಗಳ ಗಡಿಯನ್ನು ದಾಟಿತು. ಹಗಲಿರುಳುಗಳ ಸರಾಸರಿ ಹಿಡಿದರೂ ಸೆಕೆಂಡಿಗೆ 7,400ಕ್ಕಿಂತ ಹೆಚ್ಚು ವ್ಯವಹಾರಗಳಾಗುತ್ತವೆ. ಇಷ್ಟೊಂದು ಹಣ ಇಷ್ಟು ಬ್ಯಾಂಕುಗಳ ನಡುವೆ ಹಾದಿ ತಪ್ಪದೆ ಓಡಾಡುವುದು ಎಪಿಐ ಎಂಬ ಏರ್ಪಾಡಿನಿಂದ. ಆ ಏರ್ಪಾಡನ್ನು ಕಾಯುವ ವ್ಯವಸ್ಥೆಯನ್ನು ತಂತ್ರಾಂಶ ತಂಡಗಳು ಹೇಗೆ ಆರಿಸಿಕೊಳ್ಳಬೇಕು ಎಂಬುದು ಎಂಜಿನಿಯರುಗಳಿಗಷ್ಟೇ ಸೇರಿದ ಪ್ರಶ್ನೆಯಾಗಿ ಈಗ ಉಳಿದಿಲ್ಲ.

ಗವಾಕ್ಷಿ ಮತ್ತು ಚಲನ್

ಬ್ಯಾಂಕಿಗೆ ಹೋದ ಗ್ರಾಹಕನು ಖಜಾನೆಯ ಕೋಣೆಯೊಳಗೆ ಕಾಲಿಡುವುದಿಲ್ಲ. ನಿಗದಿಯಾದ ನಮೂನೆಯ ಚಲನನ್ನು ತುಂಬಿ ಗವಾಕ್ಷಿಯಲ್ಲಿ ಕೊಡುತ್ತಾನೆ. ಒಳಗೆ ನಡೆಯಬೇಕಾದುದು ನಡೆದು, ರಸೀದಿ ಹೊರಗೆ ಬರುತ್ತದೆ. ಒಳಗಿನ ಮೇಜುಗಳನ್ನು ಯಾವ ಕ್ರಮದಲ್ಲಿ ಇರಿಸಲಾಗಿದೆ, ಲೆಕ್ಕದ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದು ಅವನಿಗೆ ತಿಳಿಯಬೇಕಾಗಿಲ್ಲ. ಒಂದು ತಂತ್ರಾಂಶವು ಮತ್ತೊಂದು ತಂತ್ರಾಂಶದಿಂದ ಸೇವೆ ಕೋರುವಾಗಲೂ ಇಂತಹದೇ ಗವಾಕ್ಷಿ ಬೇಕಾಗುತ್ತದೆ. ಯಾವ ವಿಳಾಸಕ್ಕೆ, ಯಾವ ನಮೂನೆಯಲ್ಲಿ, ಯಾವ ಗುರುತಿನೊಡನೆ ಕೋರಿಕೆ ಸಲ್ಲಿಸಬೇಕು ಮತ್ತು ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂಬ ನಿಯಮಗಳ ಕಟ್ಟಿಗೆ ಅಪ್ಲಿಕೇಶನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್, ಸಂಕ್ಷೇಪವಾಗಿ ಎಪಿಐ, ಎಂದು ಹೆಸರು.

ಹೋಟೆಲಿನ ಗಲ್ಲಾದ ಬಳಿ ನಡೆಯುವ ವ್ಯವಹಾರವನ್ನೇ ಗಮನಿಸಬಹುದು. ಗ್ರಾಹಕನ ಫೋನಿನಲ್ಲಿರುವ ಆ್ಯಪ್ ತಾನು ಆಶ್ರಯಿಸಿರುವ ಬ್ಯಾಂಕಿನ ಮೂಲಕ ನಿಗಮಕ್ಕೆ ಕೋರಿಕೆ ಕಳುಹಿಸುತ್ತದೆ. ಹಣ ಪಡೆಯಬೇಕಾದವನ ವಿಳಾಸ ಸರಿಯಾಗಿದೆಯೇ ಎಂದು ನಿಗಮವು ಆ ಕಡೆಯ ಬ್ಯಾಂಕನ್ನು ವಿಚಾರಿಸುತ್ತದೆ. ಅನಂತರ ಗ್ರಾಹಕನ ಖಾತೆಯಿರುವ ಬ್ಯಾಂಕಿಗೆ ಹಣ ಕಳೆಯುವಂತೆಯೂ, ಹೋಟೆಲಿನ ಖಾತೆಯಿರುವ ಬ್ಯಾಂಕಿಗೆ ಜಮಾ ಮಾಡುವಂತೆಯೂ ಸೂಚಿಸುತ್ತದೆ. ಎಲ್ಲರಿಂದಲೂ ಉತ್ತರ ಬಂದ ಮೇಲೆ ಎರಡೂ ಫೋನುಗಳಿಗೆ ಸಂದೇಶ ಹೋಗುತ್ತದೆ. ನಲವತ್ತು ರೂಪಾಯಿಯ ತಿಂಡಿಗಾಗಿ ನಾಲ್ಕೈದು ಸಂಸ್ಥೆಗಳ ಗವಾಕ್ಷಿಗಳು ತೆರೆದು ಮುಚ್ಚಿರುತ್ತವೆ. ಇವುಗಳಲ್ಲಿ ಒಂದು ತಡಮಾಡಿದರೂ ಗಲ್ಲಾದ ಮುಂದೆ ಸಾಲು ಬೆಳೆಯುತ್ತದೆ.

ಗವಾಕ್ಷಿಗಳು ಎರಡೋ ಮೂರೋ ಇರುವಾಗ ಅವುಗಳನ್ನು ಬರೆದ ತಂಡವೇ ಅವುಗಳ ಕಾವಲನ್ನೂ ನೋಡಿಕೊಳ್ಳಬಹುದು. ಸಂಖ್ಯೆ ಹೆಚ್ಚಿದಂತೆ ಬಂದವರು ಯಾರೆಂದು ಗುರುತಿಸುವುದು, ಯಾರಿಗೆ ಎಷ್ಟು ಕೋರಿಕೆಗಳ ಅವಕಾಶವೆಂದು ನಿಗದಿಪಡಿಸುವುದು, ಪ್ರತಿಯೊಂದನ್ನೂ ದಾಖಲಿಸುವುದು, ಹಳೆಯ ನಮೂನೆಗಳನ್ನು ಹಿಂತೆಗೆದುಕೊಳ್ಳುವುದು, ಹೊರಗಿನ ತಂಡಗಳಿಗೆ ಬಳಕೆಯ ವಿವರಣೆ ಒದಗಿಸುವುದು ಇವೆಲ್ಲವೂ ಪ್ರತ್ಯೇಕ ಕೆಲಸಗಳಾಗುತ್ತವೆ. ಈ ಕೆಲಸಗಳನ್ನು ಒಂದೆಡೆ ಕೂಡಿಸುವ ತಂತ್ರಾಂಶವೇ ಎಪಿಐ ನಿರ್ವಹಣಾ ವ್ಯವಸ್ಥೆ. ಅದರ ಮುಂಭಾಗದಲ್ಲಿ ನಿಂತು ಪ್ರತಿಯೊಂದು ಕೋರಿಕೆಯನ್ನೂ ತಡೆದು ನೋಡುವ ಅಂಗವನ್ನು ಗೇಟ್‌ವೇ ಎನ್ನುತ್ತಾರೆ. ಮಾರಾಟಗಾರರ ಪತ್ರಿಕೆಗಳು ಇಂತಹ ವ್ಯವಸ್ಥೆಗಳ ನೂರಾರು ಗುಣಗಳನ್ನು ಪಟ್ಟಿಮಾಡುತ್ತವೆ. ಆದರೆ ಆಯ್ಕೆಯ ಸಂದರ್ಭದಲ್ಲಿ ಮೊದಲು ಕೇಳಬೇಕಾದುದು, ಅದು ಎಷ್ಟು ಕೋರಿಕೆಗಳನ್ನು ಒಳಗೆ ಬಿಡುತ್ತದೆ ಎಂಬುದನ್ನಲ್ಲ. ಬಿಡಬಾರದವನ್ನು ಯಾವಾಗ, ಹೇಗೆ ತಡೆಯುತ್ತದೆ ಎಂಬುದನ್ನು. ಇದಕ್ಕೆ 2025ರ ಒಂದು ಘಟನೆ ಸಾಕ್ಷಿಯಾಗಿದೆ.

ಏಪ್ರಿಲ್ 12ರ ಪಾಠ

2025ರ ಮಾರ್ಚ್ ಕೊನೆಯ ವಾರದಿಂದ ಮೂರು ವಾರಗಳೊಳಗೆ ಯುಪಿಐ ಸೇವೆ ಹಲವು ಸಲ ಅಸ್ತವ್ಯಸ್ತಗೊಂಡಿತು. ಏಪ್ರಿಲ್ 12, ಶನಿವಾರದಂದು ಉಂಟಾದ ಅಡಚಣೆ ಗಂಟೆಗಟ್ಟಲೆ ಮುಂದುವರಿಯಿತು. ತರಕಾರಿ ಅಂಗಡಿಗಳಲ್ಲಿ, ಆಟೋರಿಕ್ಷಾಗಳಲ್ಲಿ, ಔಷಧಾಲಯಗಳಲ್ಲಿ ಹಣ ತೆರಲಾರದೆ ಜನರು ಪೇಚಿಗೆ ಸಿಲುಕಿದರು. ಜೇಬಿನಲ್ಲಿ ನೋಟುಗಳನ್ನು ಇರಿಸಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿದ್ದವರಿಗೆ ಆ ದಿನ ಮನೆಗೆ ಹಿಂದಿರುಗುವ ದಾರಿಯೂ ಕಷ್ಟವಾಯಿತು.

ಅಡಚಣೆಯ ಮೂಲವನ್ನು ನಿಗಮವು ಪರಿಶೀಲಿಸಿದಾಗ ಕಂಡುಬಂದ ಸಂಗತಿ ಕುತೂಹಲಕರವಾಗಿದೆ. ವ್ಯವಸ್ಥೆಯನ್ನು ಕುಗ್ಗಿಸಿದ್ದು ಹಣದ ಪಾವತಿಗಳ ಹೊರೆಯಲ್ಲ, ಪಾವತಿಗಳನ್ನು ಕುರಿತ ವಿಚಾರಣೆಗಳ ಹೊರೆ. 'ಈ ವ್ಯವಹಾರದ ಸ್ಥಿತಿ ಏನಾಯಿತು?' ಎಂದು ತಿಳಿದುಕೊಳ್ಳುವುದಕ್ಕೆ ಬ್ಯಾಂಕುಗಳಿಗಾಗಿ ಒಂದು ಪ್ರತ್ಯೇಕ ಎಪಿಐ ಇದೆ. ಕೆಲವು ಬ್ಯಾಂಕುಗಳ ಗಣಕಗಳು ಹಳೆಯ ವ್ಯವಹಾರಗಳನ್ನೂ ಸೇರಿಸಿಕೊಂಡು ಈ ವಿಚಾರಣೆಯನ್ನು ಮತ್ತೆ ಮತ್ತೆ ಕಳುಹಿಸುತ್ತಿದ್ದವು. ವಿಚಾರಣೆಗಳ ನಡುವೆ 90 ಸೆಕೆಂಡುಗಳ ಅಂತರವಿರಬೇಕೆಂಬ ಸೂಚನೆ ಮೊದಲೇ ಇತ್ತು. ಆದರೆ ಅದನ್ನು ಮೀರಿದವರನ್ನು ತಡೆಯುವ ಏರ್ಪಾಡು ಗವಾಕ್ಷಿಯಲ್ಲಿ ಇರಲಿಲ್ಲ.

ಹಳೆಯ ಅಂಚೆ ಕಚೇರಿಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನಿಆರ್ಡರ್ ಬರುವುದು ಒಂದು ದಿನ ತಡವಾಯಿತೆನ್ನಿ. ಕಾದಿರುವ ಪ್ರತಿಯೊಬ್ಬರೂ ಐದು ನಿಮಿಷಕ್ಕೊಮ್ಮೆ ಬಂದು 'ನಮ್ಮದು ಬಂತೇ?' ಎಂದು ಕೇಳತೊಡಗಿದರೆ, ಗುಮಾಸ್ತನ ಇಡೀ ದಿನ ಉತ್ತರ ಹೇಳುವುದರಲ್ಲಿಯೇ ಕಳೆಯುತ್ತದೆ. ಬಂದ ಚೀಲವನ್ನು ಬಿಚ್ಚಿ ವಿಂಗಡಿಸುವವರೇ ಇರುವುದಿಲ್ಲ. ತಡವಾದಷ್ಟೂ ಕೇಳುವವರು ಹೆಚ್ಚುತ್ತಾರೆ, ಕೇಳುವವರು ಹೆಚ್ಚಿದಷ್ಟೂ ತಡವಾಗುತ್ತದೆ. ಮನುಷ್ಯನಾದರೆ ನಾಲ್ಕನೆಯ ಸಲಕ್ಕೆ ಬೇಸತ್ತು ಮನೆಗೆ ಹೋಗುತ್ತಾನೆ. ಗಣಕಕ್ಕೆ ಬೇಸರವಿಲ್ಲ.

ಅನಂತರ ನಿಗಮವು ಕೈಗೊಂಡ ಕ್ರಮಗಳು ಎಪಿಐ ನಿರ್ವಹಣೆಯ ಪಠ್ಯಪುಸ್ತಕದಂತಿವೆ. 2025ರ ಏಪ್ರಿಲ್‌ನ ಸುತ್ತೋಲೆಯಂತೆ, ವ್ಯವಹಾರ ಆರಂಭವಾಗಿ 90 ಸೆಕೆಂಡು ಕಳೆಯುವ ತನಕ ಮೊದಲ ವಿಚಾರಣೆಯನ್ನು ಕಳುಹಿಸುವಂತಿರಲಿಲ್ಲ. ಒಟ್ಟು ಮೂರಕ್ಕಿಂತ ಹೆಚ್ಚು ವಿಚಾರಣೆಗಳಿಗೆ ಅವಕಾಶವಿಲ್ಲ. ಮೇ ತಿಂಗಳ ಸುತ್ತೋಲೆಯು ಉಳಿದ ಎಪಿಐಗಳಿಗೂ ಮಿತಿಗಳನ್ನು ವಿಧಿಸಿತು. ಒಬ್ಬ ಗ್ರಾಹಕನು ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಖಾತೆಯ ಶಿಲ್ಕನ್ನು ನೋಡಬಹುದು. ತನ್ನ ಖಾತೆಗಳ ಪಟ್ಟಿಯನ್ನು 25 ಸಲ. ಕಂತು, ಚಂದಾ ಮೊದಲಾದ ಸ್ವಯಂಚಾಲಿತ ಪಾವತಿಗಳನ್ನು ಬೆಳಗಿನ 10ರಿಂದ 1 ಗಂಟೆಯವರೆಗಿನ ಮತ್ತು ಸಂಜೆ 5ರಿಂದ 9.30ರವರೆಗಿನ ದಟ್ಟಣೆಯ ವೇಳೆಯಿಂದ ಹೊರಗಿಡಬೇಕು. ಇವು 2025ರ ಆಗಸ್ಟ್ 1ರಿಂದ ಜಾರಿಗೆ ಬಂದವು. ಜೂನ್ 16ರಿಂದ ಪಾವತಿಯ ಉತ್ತರಕ್ಕೆ ಕಾಯುವ ಗರಿಷ್ಠ ಅವಧಿಯನ್ನು 30 ಸೆಕೆಂಡಿನಿಂದ 15ಕ್ಕೂ, ವಿಚಾರಣೆಯ ಉತ್ತರಕ್ಕೆ ಕಾಯುವ ಅವಧಿಯನ್ನು 30ರಿಂದ 10ಕ್ಕೂ ಇಳಿಸಲಾಗಿತ್ತು.

ಇವೆಲ್ಲಕ್ಕಿಂತ ಜಾಣತನದ ಕ್ರಮ ಮತ್ತೊಂದು. ಪ್ರತಿಯೊಂದು ಯಶಸ್ವಿ ಪಾವತಿಯ ಸಂದೇಶದೊಡನೆಯೇ ಉಳಿದಿರುವ ಶಿಲ್ಕನ್ನು ಗ್ರಾಹಕನಿಗೆ ತಿಳಿಸುವಂತೆ ಬ್ಯಾಂಕುಗಳಿಗೆ ಸೂಚಿಸಲಾಯಿತು. ಉತ್ತರ ಮೊದಲೇ ಕೈಗೆ ಬಂದರೆ ಪ್ರಶ್ನೆ ಕೇಳುವ ಪ್ರಸಂಗವೇ ಬರುವುದಿಲ್ಲ. ಇದನ್ನು ಮಾಡಲು ಯಾವ ದುಬಾರಿ ತಂತ್ರಾಂಶವೂ ಬೇಕಾಗಿರಲಿಲ್ಲ ಎಂಬುದು ಗಮನಾರ್ಹ.

ತಡೆಯುವ ಬಗೆ

ಈ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ, ವ್ಯವಸ್ಥೆಯನ್ನು ಕೊಳ್ಳಹೊರಟ ತಂಡವು ಮೊದಲು ನೋಡಬೇಕಾದುದು ತನ್ನ ಮನೆಯ ಲೆಕ್ಕವನ್ನು. ತನ್ನಲ್ಲಿ ಒಟ್ಟು ಎಷ್ಟು ಎಪಿಐಗಳಿವೆ, ಅವುಗಳನ್ನು ಕರೆಯುವವರು ಯಾರು, ಯಾವುದು ಒಂದು ನಿಮಿಷ ನಿಂತರೆ ಯಾರಿಗೆ ನಷ್ಟ ಎಂಬ ಪಟ್ಟಿ ಕೈಯಲ್ಲಿಲ್ಲದೆ ಮಾರಾಟಗಾರರನ್ನು ಕರೆಸುವುದು ವ್ಯರ್ಥ. ಹೀಗೆ ಪಟ್ಟಿಮಾಡಹೊರಟಾಗ ಯಾರೂ ನೆನಪಿಟ್ಟುಕೊಂಡಿರದ, ಆದರೆ ಇನ್ನೂ ತೆರೆದೇ ಇರುವ ಹಳೆಯ ಗವಾಕ್ಷಿಗಳು ಹಲವೊಮ್ಮೆ ಬೆಳಕಿಗೆ ಬರುತ್ತವೆ. ಕಳ್ಳನು ಹುಡುಕುವುದು ಇಂತಹವನ್ನೇ.

ಮಿತಿ ಹಾಕುವ ಸೌಲಭ್ಯ ಎಲ್ಲ ವ್ಯವಸ್ಥೆಗಳಲ್ಲಿಯೂ ಇರುತ್ತದೆ. ವ್ಯತ್ಯಾಸವಿರುವುದು ಅದರ ಸೂಕ್ಷ್ಮತೆಯಲ್ಲಿ. ಎಲ್ಲರಿಗೂ ಸೇರಿ ಒಂದೇ ಮಿತಿ ಇದ್ದಲ್ಲಿ ಒಬ್ಬನ ಅತಿರೇಕಕ್ಕೆ ಎಲ್ಲರೂ ದಂಡ ತೆರಬೇಕಾಗುತ್ತದೆ. ಪ್ರತಿಯೊಬ್ಬ ಬಳಕೆದಾರ ಸಂಸ್ಥೆಗೂ, ಪ್ರತಿಯೊಂದು ಎಪಿಐಗೂ ಬೇರೆ ಬೇರೆ ಮಿತಿ ಹಾಕಲು ಬರುತ್ತದೆಯೇ, ದಟ್ಟಣೆಯಾದಾಗ ವಿಚಾರಣೆಗಳನ್ನು ಹಿಂದಿಟ್ಟು ಪಾವತಿಗಳನ್ನು ಮುಂದೆ ಬಿಡಲು ಬರುತ್ತದೆಯೇ, ತಡೆಯಲ್ಪಟ್ಟವನಿಗೆ 'ಇಷ್ಟು ಹೊತ್ತು ಬಿಟ್ಟು ಬಾ' ಎಂಬ ಸ್ಪಷ್ಟ ಉತ್ತರ ಹೋಗುತ್ತದೆಯೇ ಎಂಬುದನ್ನು ಪ್ರತ್ಯಕ್ಷವಾಗಿ ಮಾಡಿಸಿ ನೋಡಬೇಕು. ಸುಮ್ಮನೆ ಬಾಗಿಲು ಮುಚ್ಚಿದರೆ ಆಚೆಯ ಗಣಕವು ಮತ್ತಷ್ಟು ಜೋರಾಗಿ ತಟ್ಟುತ್ತದೆ.

ಕೆಲವೊಮ್ಮೆ ಸಂಪರ್ಕಕ್ಕೆ ಬಂದಿರುವ ಒಂದು ಸಂಸ್ಥೆಯನ್ನೇ ಪೂರ್ತಿಯಾಗಿ ಬೇರ್ಪಡಿಸಬೇಕಾಗುತ್ತದೆ. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುತ್ತಿದ್ದ ಒಂದು ಸಂಸ್ಥೆ ರಾನ್ಸಮ್‌ವೇರ್ ದಾಳಿಗೆ ತುತ್ತಾದಾಗ, ನಿಗಮವು ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತು. ಉಳಿದ ದೇಶದ ಪಾವತಿಗಳು ಎಂದಿನಂತೆ ನಡೆದವು. ಒಂದು ಗವಾಕ್ಷಿಯನ್ನು ಮುಚ್ಚಲು ಇಡೀ ಕಟ್ಟಡದ ದೀಪ ಆರಿಸಬೇಕಾಗುವ ವ್ಯವಸ್ಥೆ ಎಷ್ಟು ಅಗ್ಗವಾಗಿ ಸಿಕ್ಕರೂ ದುಬಾರಿಯೇ.

ಮಿತಿಯ ಪ್ರಶ್ನೆ ಕೇವಲ ತಾಂತ್ರಿಕವೂ ಅಲ್ಲ. 2021ರ ಬೇಸಿಗೆಯಲ್ಲಿ ಕೋವಿಡ್ ಲಸಿಕೆಗಾಗಿ ದೇಶವೇ ಕಾತರಿಸುತ್ತಿದ್ದಾಗ, ಕೋವಿನ್ ವ್ಯವಸ್ಥೆಯ ಎಪಿಐಗಳನ್ನು ಕೇಂದ್ರ ಸರ್ಕಾರದ ಎಪಿಐ ಸೇತು ತಾಣದ ಮೂಲಕ ಸಾರ್ವಜನಿಕರಿಗೆ ತೆರೆದಿಡಲಾಯಿತು. ಯಾವ ಕೇಂದ್ರದಲ್ಲಿ ಲಸಿಕೆ ಲಭ್ಯವಿದೆ ಎಂಬುದನ್ನು ಹೊರಗಿನ ತಂತ್ರಾಂಶಗಳೂ ತಿಳಿದುಕೊಳ್ಳಬಹುದಾಯಿತು. ಒಂದು ಅಂತರಜಾಲ ವಿಳಾಸದಿಂದ ಐದು ನಿಮಿಷಕ್ಕೆ 100 ಕರೆಗಳು ಎಂಬ ಮಿತಿಯನ್ನು ಹಾಕಲಾಗಿತ್ತು. ಸಾರ್ವಜನಿಕ ಎಪಿಐಯಿಂದ ದೊರೆಯುವ ಮಾಹಿತಿ ಅರ್ಧ ಗಂಟೆಯಷ್ಟು ಹಳೆಯದಾಗಿರಬಹುದು ಎಂಬ ನಿಬಂಧನೆಯೂ ಬಂತು. ಸ್ಥಳ ಖಾಲಿಯಾದೊಡನೆ ಎಚ್ಚರಿಸುವ ಸಲಕರಣೆಗಳನ್ನು ಬಳಸಬಲ್ಲ ಯುವಕರು ಮುಂದಾಗಿ, ಫೋನೇ ಇಲ್ಲದವರು ಹಿಂದುಳಿಯುವ ಪರಿಸ್ಥಿತಿ ಉಂಟಾಗಿತ್ತು. ಈ ಡಿಜಿಟಲ್ ಅಂತರದ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು ಮೇ 31ರ ತನ್ನ ಆದೇಶದಲ್ಲಿ ಪ್ರಸ್ತಾಪಿಸಿತು. ಸೆಕೆಂಡಿಗೆ ಎಷ್ಟು ಕರೆ ಎಂಬ ಒಂದು ಅಂಕಿಯನ್ನು ಬದಲಿಸುವಾಗ ಸಾಲಿನಲ್ಲಿ ಯಾರು ಮುಂದೆ ಬರುತ್ತಾರೆ ಎಂಬುದೂ ಬದಲಾಗುತ್ತದೆ. ಆದುದರಿಂದ ಆ ಅಂಕಿಯನ್ನು ನಿರ್ಧರಿಸುವ ಅಧಿಕಾರ ಯಾರಿಗಿದೆ, ಬದಲಾವಣೆಯ ದಾಖಲೆ ಉಳಿಯುತ್ತದೆಯೇ ಎಂಬುದನ್ನು ಕೂಡ ಕೇಳಬೇಕು.

ಕೊಳ್ಳುವುದೋ, ಕಟ್ಟಿಕೊಳ್ಳುವುದೋ

ಮಾರುಕಟ್ಟೆಯಲ್ಲಿ ಸ್ಥೂಲವಾಗಿ ಮೂರು ಬಗೆಯ ವ್ಯವಸ್ಥೆಗಳು ದೊರೆಯುತ್ತವೆ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ನಂತಹ ಕ್ಲೌಡ್ ಸಂಸ್ಥೆಗಳು ತಮ್ಮ ಸೇವೆಗಳೊಡನೆಯೇ ಒದಗಿಸುವಂತಹವು ಒಂದು ಬಗೆ. ಕಾಂಗ್, ಶ್ರೀಲಂಕಾದಲ್ಲಿ ಹುಟ್ಟಿದ ಡಬ್ಲ್ಯುಎಸ್‌ಓ2, ಅಪಾಚೆ ಎಪಿಸಿಕ್ಸ್ ಮೊದಲಾದ, ಮುಕ್ತ ತಂತ್ರಾಂಶದ ರೂಪದಲ್ಲಿಯೂ ಸಿಗುವಂತಹವು ಇನ್ನೊಂದು. ಪರವಾನಗಿ ಪಡೆದು ತನ್ನದೇ ಕಟ್ಟಡದ ಗಣಕಗಳಲ್ಲಿ ನಡೆಸುವಂತಹವು ಮೂರನೆಯದು. ಮುಕ್ತ ತಂತ್ರಾಂಶಕ್ಕೆ ಬೆಲೆಯಿಲ್ಲವೆಂದು ಅದು ಪುಕ್ಕಟೆಯೆಂದು ತಿಳಿಯಬಾರದು. ರಾತ್ರಿ ಎರಡು ಗಂಟೆಗೆ ಎದ್ದು ಅದನ್ನು ಸರಿಪಡಿಸಬಲ್ಲವರ ಸಂಬಳವೇ ಅದರ ಬೆಲೆ. ಕ್ಲೌಡ್ ಸೇವೆಯಲ್ಲಾದರೋ ಕರೆಗಳ ಲೆಕ್ಕದ ಮೇಲೆ ಹಣ ತೆರುವ ಪದ್ಧತಿ ಸಾಮಾನ್ಯ. ಹಾದಿ ತಪ್ಪಿದ ಒಂದು ತಂತ್ರಾಂಶ ಲಕ್ಷಾಂತರ ಬಾರಿ ಕರೆ ಮಾಡಿದರೆ ಬಿಲ್ಲೂ ಹಾಗೆಯೇ ಬೆಳೆಯುತ್ತದೆ.

ಐದಾರು ಜನರ ತಂಡ ಭಾರಿ ವ್ಯವಸ್ಥೆಯೊಂದನ್ನು ತಂದು ಅದರ ಸೇವೆಯಲ್ಲಿಯೇ ಸವೆದುಹೋಗುವುದು ಅಪರೂಪವಲ್ಲ. ಹತ್ತು ಎಪಿಐಗಳಿರುವ ತಂಡಕ್ಕೆ ಸರಳವಾದ ಗೇಟ್‌ವೇ ಒಂದೇ ಸಾಕಾಗಬಹುದು.

ಮಾಲೀಕತ್ವದ ಸ್ಥಿರತೆಯನ್ನೂ ಗಮನಿಸಬೇಕು. ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕಚೇರಿ ಹೊಂದಿದ್ದ ಎಪಿಜಿ ಸಂಸ್ಥೆಯನ್ನು ಗೂಗಲ್ 2016ರಲ್ಲಿ ಸುಮಾರು 62.5 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ತ್ರೀಸ್ಕೇಲ್ ಎಂಬುದು ರೆಡ್ ಹ್ಯಾಟ್ ಪಾಲಾಯಿತು. 2019ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯೇ ಐಬಿಎಂ ವಶಕ್ಕೆ ಬಂತು. ಮ್ಯೂಲ್‌ಸಾಫ್ಟ್ 2018ರಲ್ಲಿ ಸೇಲ್ಸ್‌ಫೋರ್ಸ್‌ಗೆ ಸೇರಿತು. ಮಾಲೀಕರು ಬದಲಾದಾಗ ಬೆಲೆಯೂ ಒಪ್ಪಂದದ ಷರತ್ತುಗಳೂ ಬದಲಾಗಬಹುದು. ಆದಕಾರಣ ಎಪಿಐಗಳ ವಿವರಣೆಯನ್ನು ಓಪನ್‌ಎಪಿಐ ಎಂಬ ಸರ್ವಮಾನ್ಯ ನಮೂನೆಯಲ್ಲಿ ತಂಡವು ತನ್ನ ಬಳಿಯೇ ಇಟ್ಟುಕೊಳ್ಳುವುದು ಕ್ಷೇಮ. ಮಿತಿ, ಅನುಮತಿ ಮುಂತಾದ ನಿಯಮಗಳನ್ನು ಬೇರೊಂದು ವ್ಯವಸ್ಥೆಗೆ ಸಾಗಿಸಲು ಎಷ್ಟು ದಿನ ಬೇಕು ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅಂದಾಜು ಮಾಡಿಡಬೇಕು.

ಕಾನೂನಿನ ಕಟ್ಟಳೆ

ಭಾರತದಲ್ಲಿ ಕೆಲಸ ಮಾಡುವ ತಂಡಗಳು ಬೆಲೆ ಮತ್ತು ವೇಗಗಳ ಜೊತೆಗೆ ಕೆಲವು ವಿಧಿಗಳನ್ನೂ ಪಾಲಿಸಬೇಕಾಗಿದೆ. ಪಾವತಿಗೆ ಸಂಬಂಧಿಸಿದ ದತ್ತಾಂಶವನ್ನು ಭಾರತದಲ್ಲಿಯೇ ಇರಿಸಬೇಕೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಆದೇಶಿಸಿತು. ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ಕಾದಿಡಬೇಕು, ಭದ್ರತಾ ಘಟನೆಗಳನ್ನು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕು ಎಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿತು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂದಿದೆ. ಗೇಟ್‌ವೇ ದಾಖಲೆಗಳನ್ನು ಯಾವ ದೇಶದ ಗಣಕದಲ್ಲಿ ಬರೆಯುತ್ತದೆ, ಎಷ್ಟು ದಿನ ಇಡುತ್ತದೆ, ಗ್ರಾಹಕನ ಖಾತೆ ಸಂಖ್ಯೆಯನ್ನು ಮರೆಮಾಡಿ ಬರೆಯಬಲ್ಲುದೇ ಎಂಬ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು.

ಒಂದು ಭ್ರಮೆಯನ್ನೂ ಇಲ್ಲಿ ನಿವಾರಿಸಬೇಕಾಗಿದೆ. ದುಬಾರಿ ಗೇಟ್‌ವೇ ಇದ್ದರೆ ಭದ್ರತೆ ತಾನಾಗಿ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಎಪಿಐಗಳ ಭದ್ರತಾ ದೋಷಗಳನ್ನು ಓವಾಸ್ಪ್ ಎಂಬ ಅಂತರರಾಷ್ಟ್ರೀಯ ಸಂಘಟನೆ 2019ರಲ್ಲಿ ಮತ್ತು 2023ರಲ್ಲಿ ಪಟ್ಟಿಮಾಡಿದಾಗ, ಎರಡು ಸಲವೂ ಮೊದಲ ಸ್ಥಾನ ಪಡೆದ ದೋಷ ಒಂದೇ: ಬಂದವನು ಯಾರೆಂದು ಗುರುತಿಸಿದ ಮೇಲೆ, ಅವನು ಕೇಳುತ್ತಿರುವ ಕಡತ ಅವನದೇ ಹೌದೇ ಎಂದು ನೋಡದಿರುವುದು. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಒಳಬಂದವನು ತನ್ನ ಖಾತೆ ಸಂಖ್ಯೆಯ ಬದಲಿಗೆ ಪಕ್ಕದ ಮನೆಯವರ ಸಂಖ್ಯೆಯನ್ನು ಬರೆದುಕೊಟ್ಟರೆ, ಬಾಗಿಲ ಕಾವಲುಗಾರನಿಗೆ ಅದು ತಿಳಿಯುವುದಿಲ್ಲ. ಆ ಪರಿಶೀಲನೆಯನ್ನು ಒಳಗಿನ ತಂತ್ರಾಂಶವೇ ಮಾಡಬೇಕು. ಅದನ್ನು ಬರೆಯುವವರು ತಂಡದವರೇ.

ಹೆಸರು ಉಳಿಯುವುದು, ಒಳಗು ಬದಲಾಗುವುದು

ಸಾಂತಾಕ್ರೂಜ್ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಕೇಂದ್ರ ಸರ್ಕಾರವು 1973ರಲ್ಲಿ ಸ್ಥಾಪಿಸಿದ ಸಾಂತಾಕ್ರೂಜ್ ಇಲೆಕ್ಟ್ರಾನಿಕ್ಸ್ ರಫ್ತು ಸಂಸ್ಕರಣಾ ವಲಯ ಇರುವುದು ಸಾಂತಾಕ್ರೂಜ್‌ನಲ್ಲಲ್ಲ, ಅಂಧೇರಿ ಪೂರ್ವದಲ್ಲಿ. 1970ರ ದಶಕದ ಉತ್ತರಾರ್ಧದಲ್ಲಿ ಟಾಟಾ ಮತ್ತು ಅಮೆರಿಕದ ಬರೋಸ್ ಸಂಸ್ಥೆಗಳ ಜಂಟಿ ಉದ್ಯಮ ತಂತ್ರಾಂಶ ರಫ್ತನ್ನು ಇಲ್ಲಿಂದ ನಡೆಸಿತು. ಅನಂತರ ರತ್ನಾಭರಣಗಳ ಘಟಕಗಳು ಬಂದವು. 2000ದಲ್ಲಿ ಅದು ವಿಶೇಷ ಆರ್ಥಿಕ ವಲಯವಾಯಿತು. ಒಳಗೆ ಇಷ್ಟೆಲ್ಲ ಬದಲಾದರೂ ಜನರ ಬಾಯಲ್ಲಿ ಅದು ಇಂದಿಗೂ 'ಸೀಪ್ಜ್'. ಆ ಹೆಸರು ಹೇಳಿದರೆ ರಿಕ್ಷಾ ಚಾಲಕನು ಸರಿಯಾದ ಬಾಗಿಲಿಗೇ ಒಯ್ಯುತ್ತಾನೆ.

ಒಳ್ಳೆಯ ಎಪಿಐಯ ಲಕ್ಷಣವೂ ಇದೇ. ಹಿಂದಿರುವ ಗಣಕಗಳನ್ನು ಬದಲಿಸಬಹುದು, ಬೇರೆ ಊರಿಗೆ ಸಾಗಿಸಬಹುದು; ಹೊರಗಿನವರು ಬಳಸುವ ಹೆಸರು ಮತ್ತು ನಮೂನೆ ಕದಲಬಾರದು. ಕದಲಿಸಲೇಬೇಕಾದಾಗ ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಕೆಲವು ಕಾಲ ಜೊತೆಯಾಗಿ ನಡೆಸಿ, ಹಳೆಯದನ್ನು ಇನ್ನೂ ಬಳಸುತ್ತಿರುವವರು ಯಾರೆಂದು ಹೆಸರುಸಹಿತ ತೋರಿಸುವ ಸಾಮರ್ಥ್ಯ ವ್ಯವಸ್ಥೆಗಿರಬೇಕು.

ಕೊನೆಯದಾಗಿ ಪ್ರಯೋಗ. ಎರಡು ಅಥವಾ ಮೂರು ವ್ಯವಸ್ಥೆಗಳನ್ನು ಆಯ್ದುಕೊಂಡು, ತಂಡದ ಒಂದು ನಿಜವಾದ ಎಪಿಐಯನ್ನು ಪ್ರತಿಯೊಂದರ ಹಿಂದೆಯೂ ಎರಡು ವಾರಗಳ ಕಾಲ ಇರಿಸಿ ನೋಡಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಪೋಸ್ಟ್‌ಮನ್‌ನಂತಹ ಪರೀಕ್ಷಾ ಸಾಧನಗಳು ಇದಕ್ಕೆ ನೆರವಾಗುತ್ತವೆ. ವರ್ಷದ ಅತ್ಯಂತ ದಟ್ಟಣೆಯ ಗಂಟೆಯ ಹೊರೆಯನ್ನು ಕೃತಕವಾಗಿ ಹೇರಬೇಕು. ಒಳಗಿನ ಒಂದು ಗಣಕವನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸಬೇಕು. ಏಪ್ರಿಲ್ 12ರಂತೆ ಒಂದೇ ವಿಚಾರಣೆಯನ್ನು ಸಾವಿರಾರು ಬಾರಿ ಕಳುಹಿಸಬೇಕು. ಅಷ್ಟು ಹೊತ್ತೂ ಮತ್ತೊಂದು ಫೋನಿನಿಂದ ನಲವತ್ತು ರೂಪಾಯಿಯ ಒಂದು ಪಾವತಿ ಹೋಗುತ್ತಿದೆಯೇ ಎಂದು ಯಾರಾದರೊಬ್ಬರು ಗಡಿಯಾರ ಹಿಡಿದು ನೋಡುತ್ತಿರಬೇಕು.